ಒಳಗೆ ನೋಡದೆ ಹಾಕಿದ ಬೀಗ

ಬೀಗದಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದನ್ನು ಹಿಡಿದು ಕರೆಯುವವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಗಂಡ ‘ಇವಳೇ’ ಎನ್ನುತ್ತಿದ್ದ, ಅತ್ತೆ ‘ಎಲ್ಲಿ ಹಾಳಾಗಿ ಹೋದ್ಲು’ ಎನ್ನುತ್ತಿದ್ದಳು. ಇನ್ನು ವಿಶ್ವವಿದ್ಯಾಲಯದ ಗಂಡುಹುಡುಗರ ಹಾಸ್ಟೆಲಿನಲ್ಲಿ ವಾರ್ಡನ್ನಿನಿಂದ ಹಿಡಿದು ಕಸದ ಗಾಡಿಯವನವರೆಗೆ ಎಲ್ಲರಿಗೂ ಅವಳು ಬೀಗದಕ್ಕ.

ಹಾಸ್ಟೆಲಿನ ಅಷ್ಟೂ ಕೋಣೆಗಳ ಕೀಲಿಗಳು ಅವಳ ಸೊಂಟದಲ್ಲಿದ್ದವು. ಗೊಂಚಲಿನ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಹುಡುಗರು ಸಿಗರೇಟನ್ನು ಕಿಟಕಿಯಾಚೆ ಎಸೆದು ಪುಸ್ತಕ ಹಿಡಿಯುತ್ತಿದ್ದರು, ಕೆಲವೊಮ್ಮೆ ತಲೆಕೆಳಗಾಗಿ. ಬಾಯಿ ಬಹಳ ಜೋರು. ಆದರೆ ಜ್ವರ ಬಂದವನಿಗೆ ಬಿಸಿನೀರು ತಂದುಕೊಡುವುದು, ಸಂದರ್ಶನಕ್ಕೆ ಹೊರಟವನ ಅಂಗಿಗೆ ಗುಂಡಿ ಹೊಲಿದುಕೊಡುವುದು, ಅದೂ ಅವಳೇ. ಬೈಯುತ್ತಲೇ ಮಾಡುತ್ತಿದ್ದಳು. ಬೈಗುಳವಿಲ್ಲದೆ ಅವಳ ಕೈಯಿಂದ ಯಾರಿಗೂ ಒಂದು ಲೋಟ ನೀರು ಸಿಕ್ಕಿದ್ದಿಲ್ಲ. ಮಕ್ಕಳಿಲ್ಲದ ಹೆಂಗಸು, ಅದಕ್ಕೇ ಹೀಗೆ ಎಂದು ಎಲ್ಲ ತಿಳಿದವರಂತೆ ಮಾತಾಡುವವರಿದ್ದರು. ಅದು ಶುದ್ಧ ಸುಳ್ಳು. ಮಕ್ಕಳಿದ್ದಿದ್ದರೂ ಅವಳು ಹೀಗೇ ಇರುತ್ತಿದ್ದಳು, ಬೈಸಿಕೊಳ್ಳುವವರು ಮನೆಯಲ್ಲೂ ಇಬ್ಬರು ಹೆಚ್ಚಾಗುತ್ತಿದ್ದರು ಅಷ್ಟೆ.

ಚಳಿಗಾಲದ ರಜೆಗೆ ಹಾಸ್ಟೆಲು ಮುಚ್ಚುವುದು ಅವಳ ಪಾಲಿಗೆ ವರ್ಷದ ದೊಡ್ಡ ಕೆಲಸ. ಹುಡುಗರು ಕೋಣೆಯ ಕೀಲಿ ಅವಳ ಕೈಗೆ ಕೊಟ್ಟು, ಚೀಲ ಹೊತ್ತು, ‘ಬರ್ತೀವಿ ಅಕ್ಕ’ ಎಂದು ಹೋದಮೇಲೆ ಅವಳ ಸವಾರಿ ಹೊರಡುತ್ತಿತ್ತು. ಮೊದಲು ಬಾಗಿಲು ಬಡಿಯುವುದು. ಆಮೇಲೆ ಒಳಗೆ ಹೋಗಿ ಕಿಟಕಿಯ ಚಿಲಕ ಎಳೆದು ನೋಡುವುದು, ನಲ್ಲಿ ತಿರುಗಿಸಿ ನೋಡುವುದು, ಸ್ವಿಚ್ಚು ನೋಡುವುದು, ಕೊನೆಗೆ ಸೊಂಟ ಹಿಡಿದುಕೊಂಡು ‘ಅಯ್ಯೋ’ ಎಂದು ಬಗ್ಗಿ ಮಂಚದ ಕೆಳಗೆ ನೋಡುವುದು. ಮಂಚದ ಕೆಳಗೆ ನೋಡದ ಹೊರತು ಹಾಸ್ಟೆಲಿನ ದೊಡ್ಡ ಬೀಗ ಆ ಬಾಗಿಲಿಗೆ ಬೀಳುತ್ತಿರಲಿಲ್ಲ. ಒಂದು ಸಲ ಅಲ್ಲಿ ಬೆಕ್ಕಿನ ಸಂಸಾರವೇ ಸಿಕ್ಕಿತ್ತು. ಇನ್ನೊಂದು ಸಲ ಪರೀಕ್ಷೆಯಲ್ಲಿ ನಪಾಸಾಗಿ ಅಪ್ಪನ ಮುಖ ನೋಡಲಾರದೆ ಅವಿತು ಕೂತ ಹುಡುಗ ಸಿಕ್ಕಿದ್ದ. ಅವನನ್ನು ಕಿವಿ ಹಿಡಿದು ಎಬ್ಬಿಸಿ, ತಿನ್ನಲು ಕೊಟ್ಟು, ತಾನೇ ಬಸ್ಸು ಹತ್ತಿಸಿ ಬಂದಿದ್ದಳು. ಆ ಕತೆಯನ್ನು ಅವಳು ಹೇಳುವಾಗಲೆಲ್ಲ ಹುಡುಗನ ಕಿವಿ ಸ್ವಲ್ಪ ಸ್ವಲ್ಪ ಉದ್ದವಾಗುತ್ತಿತ್ತು.

ಸಾಂಕ್ರಾಮಿಕ ರೋಗದ ವರ್ಷ ಬಂತು ನೋಡಿ, ಆ ಪದ್ಧತಿಗೇ ಕುತ್ತು ಬಂತು. ಚಳಿಗಾಲದ ರಜೆ ಹತ್ತಿರವಾದಾಗ ವಿಶ್ವವಿದ್ಯಾಲಯದವರು ವಿದ್ಯಾರ್ಥಿ ಸಹಾಯ ಕೇಂದ್ರ ಎಂದು ಒಂದು ಕಚೇರಿ ತೆರೆದರು. ಮನೆಗೆ ಹೋಗಲಾಗದವರು, ಗಡಿ ಮುಚ್ಚಿದ ದೇಶದವರು, ಮನೆಯಲ್ಲಿ ಕಾಯಿಲೆ ಇರುವವರು ಅಲ್ಲಿ ಹೇಳಿಕೊಳ್ಳಬೇಕು. ಅಂಥವರನ್ನೆಲ್ಲ ಹಾಸ್ಟೆಲಿನ ಮುಂದಿನ ಕಟ್ಟಡಕ್ಕೆ ಸಾಗಿಸುತ್ತಾರೆ, ಊಟ ಬಾಗಿಲಿಗೇ ಬರುತ್ತದೆ, ಕೇಂದ್ರದ ಮೇಡಂ ದಿನಾ ಫೋನು ಮಾಡಿ ವಿಚಾರಿಸಿಕೊಳ್ಳುತ್ತಾರೆ. ಒಂದೇ ಷರತ್ತು, ಮೇಡಂ ಮೊದಲು ಮನೆಯವರಿಗೆ ಫೋನು ಮಾಡಿ, ‘ನಿಮ್ಮ ಮಗ ಇಲ್ಲೇ ಇರ್ತಾನಂತೆ, ನಿಮಗೆ ಒಪ್ಪಿಗೆಯಾ’ ಎಂದು ಕೇಳುತ್ತಾರೆ. ವ್ಯವಸ್ಥೆ ಒಳ್ಳೆಯದೇ. ಅದರಲ್ಲಿ ತಪ್ಪು ಹುಡುಕಿದರೆ ನಾಲಿಗೆ ಬಿದ್ದುಹೋದೀತು. ಉಳಿದ ಕಟ್ಟಡಗಳನ್ನು ಮುಚ್ಚಬೇಕು ಎಂದೂ ಆಯಿತು. ಆದರೆ ಕೆಲಸದವರು ಯಾರೂ ಹುಡುಗರು ಬಿಟ್ಟುಹೋದ ಕೋಣೆಯೊಳಗೆ ಕಾಲಿಡಕೂಡದು, ಬಾಗಿಲು ಬಡಿದು ಹೊರಗಿನಿಂದಲೇ ಬೀಗ ಹಾಕಿ ಬರಬೇಕು ಎಂದು ವಾರ್ಡನ್ನು ಹೇಳಿದರು. ಅದೂ ಅವಳ ಒಳ್ಳೆಯದಕ್ಕೇ ಹೇಳಿದ್ದು.

“ಒಳಗೆ ನೋಡದೆ ಬೀಗ ಹಾಕೋದಾ? ಅದೆಂಥಾ ಬೀಗ ಸಾರ್?” ಎಂದಳು ಬೀಗದಕ್ಕ.

“ನಿಮ್ಮತ್ತೆಗೆ ಎದೆ ಸರಿ ಇಲ್ಲ ಅಂತ ನೀನೇ ಹೇಳಿದ್ದೆಯಲ್ಲ. ಮನೆಗೆ ಏನಾದ್ರೂ ಹಚ್ಚಿಕೊಂಡು ಹೋಗ್ಬೇಕಾ?” ಎಂದರು ವಾರ್ಡನ್ನು.

ಅವಳು ಗೊಣಗಿಕೊಂಡೇ ಹಿಂದಿನ ಕಟ್ಟಡದ ಬಾಗಿಲುಗಳನ್ನು ಬಡಿದಳು, ‘ಯಾರಾದ್ರೂ ಇದ್ದೀರೇನ್ರೋ’ ಎಂದು ಕೂಗಿದಳು, ಬೀಗ ಒತ್ತುತ್ತ ಹೋದಳು. ಕೈಗೆ ಕೆಲಸವಾಯಿತು, ಮನಸ್ಸಿಗೆ ಆಗಲಿಲ್ಲ.

ಆ ಚಳಿಗಾಲದಲ್ಲಿ ಮುಂದಿನ ಕಟ್ಟಡದಲ್ಲಿ ಹುಡುಗರು ಇದ್ದರು, ಆದರೆ ಹುಡುಗರ ಸದ್ದಿರಲಿಲ್ಲ. ಬಾಗಿಲ ಹೊರಗೆ ಊಟದ ಡಬ್ಬಿಗಳು, ಒಳಗೆ ಕಂಪ್ಯೂಟರಿನಲ್ಲಿ ಯಾರದೋ ಅಮ್ಮನ ಮುಖ. ಕೆಲವರಿಗೆ ಜ್ವರ ಬಂದು ಆಸ್ಪತ್ರೆಯ ವ್ಯಾನು ಬಂದು ಒಯ್ದಿತ್ತು. ಬೀಗದಕ್ಕನಿಗೆ ಈಗ ಅಲ್ಲೇ ನೆಲ ಒರೆಸುವ ಕೆಲಸ. ಮೂಗು ಬಾಯಿ ಮುಚ್ಚಿಕೊಂಡು, ಫಿನಾಯಿಲ್ ಸುರಿದುಕೊಂಡು, ಯಾರಿಗೂ ಬೈಯಲಾಗದೆ ದಿನ ನೂಕುತ್ತಿದ್ದಳು.

ಮನೆಯಲ್ಲೂ ಅದೇ ಕತೆ. ಗಂಡ ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರು ನಡೆಸುತ್ತಿದ್ದವನು. ಮಂದಿರ ಮುಚ್ಚಿದ್ದರಿಂದ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ. ಮೊದಲೂ ಅವನು ಮಾತಿನ ಮನುಷ್ಯನಲ್ಲ, ಈಗ ಪೂರ್ತಿ ಬಾಯಿಗೆ ಬೀಗ. ಅತ್ತೆ ಮಾತ್ರ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಸೊಸೆ ಬಾಗಿಲಲ್ಲಿ ಕಾಲಿಟ್ಟರೆ ಸಾಕು, “ಅಲ್ಲೇ ನಿಲ್ಲು, ಬಟ್ಟೆ ಬದಲಾಯಿಸು, ನನ್ನ ಬೇಗ ಕಳಿಸ್ಬೇಕು ಅಂತ ಇದ್ರೆ ಹಾಗೇ ಬಾ” ಎಂದು ಒಳಗಿನಿಂದ ಕೂಗುತ್ತಿದ್ದಳು.

ಒಂದು ಬೆಳಿಗ್ಗೆ ಕಸ ಹಾಕಲು ಹಿಂದಿನ ಕಟ್ಟಡದ ಪಕ್ಕ ಹೋದವಳು ತಲೆ ಎತ್ತಿದಳು. ಕೊರೆಯುವ ಚಳಿ. ಸಾಲು ಕಿಟಕಿಗಳ ಗಾಜುಗಳೆಲ್ಲ ಸ್ವಚ್ಛವಾಗಿ, ಸತ್ತಂತೆ ಇದ್ದವು. ಮೊದಲ ಮಹಡಿಯ ತುದಿಯ ಕೋಣೆಯ ಗಾಜಿನಲ್ಲಿ ಮಾತ್ರ ಒಳಗಿನಿಂದ ಹಬೆ ಹಿಡಿದಿತ್ತು. ಒಂದು ಕಡೆ ಹಬೆ ನೀರಾಗಿ ಇಳಿದಿತ್ತು ಕೂಡ.

ಖಾಲಿ ಕೋಣೆ ಉಸಿರಾಡುವುದಿಲ್ಲ. ಮೆಟ್ಟಿಲನ್ನು ಹೇಗೆ ಹತ್ತಿದಳೋ ಗೊತ್ತಿಲ್ಲ. ಬೀಗ ಬಿಚ್ಚಿ ಬಾಗಿಲು ನೂಕಿದರೆ, ಮಂಚದ ಮೇಲೆ ಇದ್ದಬದ್ದ ಬಟ್ಟೆಯನ್ನೆಲ್ಲ ಹೊದ್ದುಕೊಂಡು ತುದಿ ಕೋಣೆಯ ಹುಡುಗ ಕೂತಿದ್ದ. ಪಕ್ಕದಲ್ಲಿ ನೀರು ಕಾಯಿಸುವ ಕೆಟಲು, ಒಣಗಿದ ಬ್ರೆಡ್ಡು, ಬಿಸ್ಕತ್ತಿನ ಹಾಳೆಗಳು. ಎರಡನೆಯ ವರ್ಷದ ಗಣಿತದ ಹುಡುಗ ಅವನು, ಸಾಧು, ಅವಳ ಕೈಲಿ ಅತಿ ಕಡಿಮೆ ಬೈಸಿಕೊಂಡವನು. ಕೀಲಿಯನ್ನು ಅವಳ ಕೈಗೇ ಕೊಟ್ಟು, ಬರ್ತೀನಿ ಅಕ್ಕ ಎಂದು ಚೀಲ ಹೊತ್ತು ಹೋಗಿದ್ದ. ಅವಳು ಕೆಳಗಿನ ಕೋಣೆಗಳಿಗೆ ಬೀಗ ಹಾಕುತ್ತಿದ್ದಾಗ ಹಿಂದಿನ ಮೆಟ್ಟಿಲಿನಿಂದ ಮತ್ತೆ ಬಂದು, ಇನ್ನೂ ಬೀಗ ಬೀಳದ ಕೋಣೆಯಲ್ಲಿ ಸೇರಿಕೊಂಡಿದ್ದ.

“ನಾನು ಬಾಗಿಲು ಬಡಿದೆ. ಕೂಗಿದೆ. ಕಿವಿ ಇರ್ಲಿಲ್ವಾ ನಿನಗೆ?” ಎಂದಳು. ದನಿ ಅವಳದೇ ಎನಿಸಲಿಲ್ಲ.

“ಕೇಳಿಸ್ತು ಅಕ್ಕ.”

“ಮತ್ತೆ? ನಾನು ಹೊರಗಿನಿಂದ ಬೀಗ ಹಾಕ್ತಿದ್ದೀನಿ, ನೀನು ಒಳಗೆ ಸುಮ್ನೆ ಕೂತಿದ್ದೆಯಾ?”

“ಬೀಗ ಬಿದ್ರೆ ಒಳ್ಳೇದೇ ಅನ್ನಿಸ್ತು,” ಎಂದ ಹುಡುಗ. “ಒಳಗೇ ಇದ್ರೆ ನನ್ನಿಂದ ಯಾರಿಗೂ ಏನೂ ಆಗಲ್ಲ.”

ಬೀಗದಕ್ಕ ಎದುರಿನ ಖಾಲಿ ಮಂಚದ ಮೇಲೆ ಕುಸಿದು ಕೂತಳು. ಬೆಂಕಿ ಬಿದ್ದಿದ್ದರೆ? ಕೆಟಲಿನ ವೈರು ಸುಟ್ಟಿದ್ದರೆ? ಹೊಟ್ಟೆನೋವು ಬಂದು ಒದ್ದಾಡಿದ್ದರೆ? ಜೀವವಿರುವ ಹುಡುಗನನ್ನು ತನ್ನ ಕೈಯಾರೆ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದ್ದಳಲ್ಲ! ಅವಳಿಗೆ ಅಳು ಬಂತು. ಅಳು ಬಂದಾಗ ಅವಳು ಮಾಡುವುದು ಒಂದೇ ಕೆಲಸ, ಬೈಯುವುದು. ಮುಖಗವಸು ಹಾಕಿಕೊಂಡು ಬೈದರೆ ಬೈದ ಹಾಗೇ ಆಗುವುದಿಲ್ಲ. ಅದನ್ನು ಗಲ್ಲಕ್ಕೆ ಎಳೆದುಕೊಂಡು ಬಾಯಿಗೆ ಬಂದದ್ದೆಲ್ಲ ಬೈದಳು. ಇಷ್ಟು ದಿನ ಯಾರ ಜೊತೆಗೂ ಇಲ್ಲದ ಹುಡುಗ, ಇವನಿಂದ ತನಗೆ ಏನು ಬಂದೀತು ಎಂಬ ಧೈರ್ಯ ಬೇರೆ. ತನ್ನಿಂದ ಅವನಿಗೆ ಏನಾದರೂ ಬಂದೀತು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಬೈಗುಳ ಮುಗಿದ ಮೇಲೆ ಹುಡುಗ ಬಾಯಿ ಬಿಟ್ಟ. ಬೇಸಿಗೆಯಲ್ಲಿ ಹಾಸ್ಟೆಲು ಖಾಲಿ ಮಾಡಿಸಿದಾಗ ಅವನು ಮನೆಗೆ ಹೋಗಿದ್ದ. ಸ್ವಲ್ಪ ಗಂಟಲು ಕೆರೆತವಿತ್ತು, ಪ್ರಯಾಣದ ಧೂಳು ಎಂದುಕೊಂಡಿದ್ದ. ಅಜ್ಜನ ಪಕ್ಕದಲ್ಲೇ ಮಲಗಿದ. ಅಜ್ಜನಿಗೆ ಜ್ವರ ಬಂತು, ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಅಜ್ಜ ಎಂದರೆ ಅಪ್ಪನಿಗೆ ಪ್ರಾಣ. ಮನೆಯಲ್ಲಿ ಯಾರೂ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಪ್ಪನಂತೂ ಏನೂ ಅನ್ನಲಿಲ್ಲ, ಏನೂ ಎಂದರೆ ಏನೂ. ಅಂದಿನಿಂದ ಮಗನ ಜೊತೆ ಮಾತೇ ನಿಂತುಹೋಯಿತು.

“ಬೈದಿದ್ರೆ ಪರವಾಗಿರ್ಲಿಲ್ಲ ಅಕ್ಕ. ನಾನು ಕೋಣೆಗೆ ಬಂದ್ರೆ ಎದ್ದು ಹೋಗ್ತಾರೆ. ಹೇಗೆ ಹೋಗ್ಲಿ ಆ ಮನೆಗೆ?”

ಹೀಗಾಗಿ ಅಮ್ಮನಿಗೆ, ‘ಇಲ್ಲಿ ಯಾರನ್ನೂ ಹೊರಗೆ ಬಿಡ್ತಿಲ್ಲ’ ಎಂದು ಹೇಳಿದ್ದ. ಸಹಾಯ ಕೇಂದ್ರದವರು ಫೋನು ಮಾಡಿದರೆ ಆ ಸುಳ್ಳು ಬಯಲಾಗಿ, ಅಮ್ಮ ಅಳುತ್ತ ಕರೆದುಕೊಂಡು ಹೋಗಲು ಬಂದುಬಿಡುತ್ತಾಳೆ. ಅದಕ್ಕೇ ಅವರಿಗೆ, ‘ನಾನು ಮನೆಗೆ ಹೋಗ್ತಿದ್ದೀನಿ’ ಎಂದಿದ್ದ. ಮನೆಯವರ ಲೆಕ್ಕದಲ್ಲಿ ಹಾಸ್ಟೆಲಿನಲ್ಲಿ, ಹಾಸ್ಟೆಲಿನವರ ಲೆಕ್ಕದಲ್ಲಿ ಮನೆಯಲ್ಲಿ. ಅವನು ಎಲ್ಲೂ ಇರಲಿಲ್ಲ.

ನ್ಯಾಯವಾಗಿ ಅವಳು ಆಗಲೇ ವಾರ್ಡನ್ನಿಗೆ ಹೇಳಬೇಕಿತ್ತು. ‘ಹೇಳ್ಬೇಡಿ ಅಕ್ಕ’ ಎಂದು ಹುಡುಗ ಕೈ ಮುಗಿದ. ಹೇಳಿದರೆ ಅವನ ಗತಿ ಏನು, ಒಳಗೆ ಜೀವ ಇಟ್ಟು ಬೀಗ ಹಾಕಿದ ತನ್ನ ಗತಿ ಏನು ಎಂದು ಅವಳಿಗೂ ಹೆದರಿಕೆಯಾಯಿತು. ಎರಡು ಹೆದರಿಕೆಗಳೂ ಸೇರಿ ಅವಳ ಬಾಯಿ ಮುಚ್ಚಿಸಿದವು. ಅಂದಿನಿಂದ ಮನೆಯಿಂದ ಕಂಬಳಿ ಬಂತು, ಬ್ರೆಡ್ಡು ಮೊಟ್ಟೆ ಬಂತು, ಬಿಸಿ ಹಾಲು ಬಂತು. ಬಾಗಿಲಿಗೆ ಬೀಗ ಮಾತ್ರ ಬೀಳಲಿಲ್ಲ.

“ಏನಿದು, ಈಚೆಗೆ ಡಬ್ಬಿ ಇಷ್ಟು ದಪ್ಪ ಆಗಿದೆ? ಹಾಸ್ಟೆಲಲ್ಲಿ ಯಾರನ್ನಾದ್ರೂ ದತ್ತು ತಗೊಂಡ್ಯಾ?” ಎಂದಳು ಅತ್ತೆ.

“ಹಸಿವಾಗುತ್ತೆ, ತಿಂತೀನಿ. ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?” ಎಂದು ಬೀಗದಕ್ಕ ಸೆರಗು ಕೊಡವಿಕೊಂಡು ಹೊರಟಳು. ಗಂಡ ಗೋಡೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ, ಮತ್ತೆ ಗೋಡೆ ನೋಡಿದ.

ದಿನಾ ಕೆಲಸದ ನಡುವೆ ಆ ಎದುರು ಮಂಚದ ಮೇಲೆ ಕೂತು ಅವಳು ಹುಡುಗನ ತಲೆ ತಿನ್ನುತ್ತಿದ್ದಳು. ಮನೆಗೆ ಹೋಗು. ಅಪ್ಪ ಅಂದಮೇಲೆ ಹಾಗೇ ಇರ್ತಾರೆ. ನಮ್ಮ ಯಜಮಾನ್ರೂ ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು, ಅದರಲ್ಲಿ ಎರಡು ‘ಹೂಂ’. ಅದೆಲ್ಲ ಸಿಟ್ಟು ಅಲ್ಲ ಕಣೋ, ದುಃಖ. ಹುಡುಗ ಎಲ್ಲ ಕೇಳಿ ತಲೆಯಾಡಿಸುತ್ತಿದ್ದ. ಒಂದು ಸಲ ಅವಳ ಎದುರಿಗೇ ಅಮ್ಮನಿಗೆ ಫೋನು ಮಾಡಿದ. ಅಮ್ಮ ಅತ್ತಳು, ಊಟ ಮಾಡಿದ್ಯಾ ಪುಟ್ಟಾ ಎಂದಳು, ಯಾವಾಗ ಬಿಡ್ತಾರೆ ಎಂದು ಕೇಳಿದಳು. ‘ಅಪ್ಪ ಇದ್ದಾರಾ’ ಎಂದು ಹುಡುಗ ಕೇಳಿದ. ಆ ಕಡೆ ಯಾರೋ ಕೆಮ್ಮಿದ್ದು, ಕುರ್ಚಿ ಸರಿದದ್ದು ಕೇಳಿಸಿತು. ‘ಈಗಷ್ಟೇ ಹೊರಗೆ ಹೋದ್ರು’ ಎಂದಳು ಅಮ್ಮ. ಹುಡುಗ ಫೋನು ಕೆಳಗಿಟ್ಟು ಬೀಗದಕ್ಕನ ಮುಖ ನೋಡಿದ.

ದಿನದಿಂದ ದಿನಕ್ಕೆ ಅವನು ಇಳಿದುಹೋಗುತ್ತಿದ್ದ. ತಂದ ಊಟ ಅರ್ಧಕ್ಕರ್ಧ ಉಳಿಯುತ್ತಿತ್ತು. ಸ್ನಾನವಿಲ್ಲ, ಓದಿಲ್ಲ. ಹೊರಗೆ ಬಾ, ಅಂಗಳದಲ್ಲಿ ಬಿಸಿಲಿದೆ ಎಂದರೂ ಬರಲೊಲ್ಲ. ಇವನನ್ನು ಹೀಗೇ ಬಿಟ್ಟರೆ ರಜೆ ಮುಗಿಯುವಷ್ಟರಲ್ಲಿ ಕೈ ಬಿಟ್ಟುಹೋಗುತ್ತಾನೆ ಎಂಬ ಭಯ ಅವಳನ್ನು ಹಿಡಿಯಿತು. ಆ ಭಯದಲ್ಲೇ ಅವಳು ಆ ಸುಳ್ಳು ಹೇಳಿದ್ದು.

“ಲೋ, ನಿಮ್ಮಪ್ಪ ಆಫೀಸಿಗೆ ಫೋನ್ ಮಾಡಿದ್ರು,” ಎಂದಳು ಬಾಗಿಲಲ್ಲೇ ನಿಂತು. “ನಮ್ಮ ಹುಡುಗ ಹೇಗಿದ್ದಾನೆ, ಅವನನ್ನ ಯಾವಾಗ ಬಿಡ್ತೀರಿ ಅಂತ ಕೇಳಿದ್ರು. ನಾನೇ ಪಕ್ಕದಲ್ಲಿ ನೆಲ ಒರೆಸ್ತಿದ್ದೆ, ಕಿವಿಯಾರೆ ಕೇಳಿದೆ.”

ಹುಡುಗ ಎದ್ದು ನಿಂತ. “ಅಪ್ಪನಾ? ಅಪ್ಪನೇ ಮಾಡಿದ್ರಾ?”

“ಮತ್ತೆ ಯಾರು, ನಿಮ್ಮಜ್ಜಿಯಾ?”

ತಾನು ಮನೆಯಲ್ಲಿದ್ದೇನೆಂದು ತಿಳಿದಿರುವ ಆಫೀಸಿನವರು ಏನು ಉತ್ತರ ಕೊಟ್ಟರು ಎಂದು ಕೇಳಲೂ ಅವನಿಗೆ ಹೊಳೆಯಲಿಲ್ಲ. ಅವನ ಮುಖ ನೋಡಿ ಅವಳಿಗೆ ತಾನು ಹೇಳಿದ್ದು ನಿಜವೇ ಇರಬೇಕು ಎನ್ನಿಸಿಬಿಟ್ಟಿತು. ಅಂದೇ ಅವನು ಸ್ನಾನ ಮಾಡಿದ, ಡಬ್ಬಿ ಖಾಲಿ ಮಾಡಿದ, ಅಮ್ಮನಿಗೆ ಫೋನು ಮಾಡಿ ‘ಬಿಟ್ರು ಅಮ್ಮ, ನಾಳೆ ಬರ್ತೀನಿ’ ಎಂದ. ಮರುದಿನ ಬೆಳಿಗ್ಗೆ ಬೀಗದಕ್ಕ ಅವನನ್ನು ಹಿಂದಿನ ಗೇಟಿನಿಂದ ದಾಟಿಸಿ, ಬಸ್ಸಿನ ಕಿಟಕಿಯಿಂದ ಬ್ರೆಡ್ಡಿನ ಪೊಟ್ಟಣ ತೂರಿಸಿ, ಮೈಮೇಲೆ ಗಮನ ಇರಲಿ ಎಂದು ಗದರಿ ಬಂದಳು. ಬಹಳ ದಿನಗಳ ಮೇಲೆ ಅವಳಿಗೆ ಹಗುರವೆನಿಸಿತ್ತು. ಗೆದ್ದೆ ಎಂದುಕೊಂಡಳು ಪಾಪ.

ನೇರವಾಗಿ ತುದಿಯ ಕೋಣೆಗೆ ಬಂದಳು. ಈ ಸಲ ಪದ್ಧತಿಯ ಪ್ರಕಾರವೇ ಮುಚ್ಚುತ್ತೇನೆ ಎಂದು ಕಿಟಕಿ ಎಳೆದು ನೋಡಿದಳು, ನಲ್ಲಿ ನೋಡಿದಳು, ಮಂಚದ ಕೆಳಗೆ ಗುಡಿಸಿದಳು. ಬಚ್ಚಲಿಗೆ ಫಿನಾಯಿಲ್ ಸುರಿದು ಉಜ್ಜಿದಳು. ಉಜ್ಜುತ್ತಿದ್ದವಳ ಕೈ ನಿಂತಿತು. ಇಷ್ಟು ಸುರಿದರೂ ಮೂಗಿಗೆ ಏನೂ ಬರುತ್ತಿಲ್ಲ. ನೀರು ಬೆರೆಸಿದ ಮಾಲಿರಬೇಕು ಎಂದುಕೊಂಡು ಬಾಟಲಿಯನ್ನೇ ಎತ್ತಿ ಮೂಗಿಗೆ ಹಿಡಿದಳು. ಇಲ್ಲ. ಸೋಪು ಮೂಸಿದಳು. ಇಲ್ಲ. ತನ್ನ ಊಟದ ಡಬ್ಬಿ ತೆರೆದು ಮುಖವನ್ನೇ ಅದರೊಳಗೆ ಇಟ್ಟಳು. ಅಲ್ಲೂ ಬರೀ ಚಳಿಯ ಗಾಳಿ.

ಮುಂದಿನ ಕಟ್ಟಡದಲ್ಲಿ ಜ್ವರ ಬಂದ ಹುಡುಗರೆಲ್ಲ ಮೊದಲು ಹೇಳುತ್ತಿದ್ದುದು ಇದನ್ನೇ. ಮೊದಲು ನೆನಪಾದದ್ದು ಅತ್ತೆಯ ಎದೆ. ಮರುಕ್ಷಣ ನೆನಪಾದದ್ದು ತಾನು ದಿನಾ ಗಲ್ಲಕ್ಕೆ ಮುಖಗವಸು ಇಳಿಸಿಕೊಂಡು ಕೂತ ಎದುರು ಮಂಚ. ಆ ಹುಡುಗ ಈಗ ಬಸ್ಸಿನಲ್ಲಿ ಮನೆಯ ಕಡೆ ಹೋಗುತ್ತಿದ್ದಾನೆ. ಯಾವುದಕ್ಕೆ ಹೆದರಿ ಅವನು ತನ್ನನ್ನು ತಾನೇ ಮುಚ್ಚಿಕೊಂಡಿದ್ದನೋ ಅದನ್ನೇ ತಾನು ಅವನ ಜೊತೆ ಕಟ್ಟಿ ಕಳಿಸಿದೆನೇ?

ಇರಲಿಕ್ಕಿಲ್ಲ, ಬರೀ ನೆಗಡಿ ಇರಬಹುದು ಎಂದಿತು ಒಂದು ಮನಸ್ಸು. ಹೇಳಿದರೆ ಅವನು ಬಾಗಿಲವರೆಗೆ ಹೋಗಿ ಹಿಂತಿರುಗುತ್ತಾನೆ, ಮತ್ತೆ ಜನ್ಮದಲ್ಲಿ ಆ ಕಡೆ ಮುಖ ಹಾಕುವುದಿಲ್ಲ. ಹೇಳದೆ ಇದ್ದು ಆ ಮನೆಯಲ್ಲಿ ಇನ್ನೊಂದು ಹೆಣ ಬಿದ್ದರೆ? ಪರೀಕ್ಷೆ ಮಾಡಿಸಿ ಫಲ ತಿಳಿಯಲು ಒಂದು ದಿನವಾದರೂ ಬೇಕು, ಬಸ್ಸು ಅಷ್ಟು ಕಾಯುವುದಿಲ್ಲ. ಬರಿಯ ಮಂಚದ ಅಂಚಿನಲ್ಲಿ ಕೂತು ಅವಳು ಫೋನು ಒತ್ತಿದಳು. ದಾರಿಯುದ್ದಕ್ಕೂ ಸಿಗ್ನಲ್ ಇಲ್ಲ. ಒತ್ತಿದಳು, ಒತ್ತಿದಳು. ಬೆರಳು ನೋಯುವವರೆಗೆ ಒತ್ತಿದಳು. ಮಧ್ಯಾಹ್ನ ಕಳೆದ ಮೇಲೆ ಕೊನೆಗೂ ರಿಂಗಾಯಿತು.

“ಅಕ್ಕ!” ಹುಡುಗನ ದನಿ ಕುಣಿಯುತ್ತಿತ್ತು. “ಈಗಷ್ಟೇ ಇಳಿದೆ. ಅಮ್ಮ ರಸ್ತೆ ಆ ಕಡೆ ನಿಂತಿದ್ದಾಳೆ. ಅಪ್ಪನೂ ಬಂದಿದ್ದಾರೆ ಅಕ್ಕ! ನೀವು ಹೇಳಿದ್ದು ನಿಜ.”

ಆ ಕ್ಷಣದಲ್ಲಿ ಫೋನು ಇಟ್ಟುಬಿಡುವ ಆಸೆ ಅವಳಿಗೆ ಬಂದದ್ದು ಸುಳ್ಳಲ್ಲ.

“ರಸ್ತೆ ದಾಟ್ಬೇಡ. ಅಲ್ಲೇ ನಿಲ್ಲು.”

“ಯಾಕೆ?”

“ನನಗೆ ಬಂದಿದೆ ಅನ್ಸುತ್ತೆ ಕಣೋ. ಮೂಗಿಗೆ ಯಾವ ವಾಸನೆನೂ ಬರ್ತಿಲ್ಲ. ನಿನ್ನೆ ಮೊನ್ನೆಯೆಲ್ಲ ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ... ಏನೂ ಇಲ್ದೇನೂ ಇರಬಹುದು. ಆದ್ರೂ ಅವರ ಹತ್ರ ಹೋಗ್ಬೇಡ.”

ಫೋನಿನಲ್ಲಿ ರಸ್ತೆಯ ಗದ್ದಲ ಕೇಳಿಸುತ್ತಿತ್ತು. ಅದರ ನಡುವೆ ಹೆಂಗಸಿನ ದನಿಯೊಂದು ‘ಪುಟ್ಟಾ, ಪುಟ್ಟಾ’ ಎನ್ನುತ್ತ ಹತ್ತಿರ ಹತ್ತಿರ ಬಂತು. ಹುಡುಗ ಒಮ್ಮೆಲೇ ಚೀರಿದ. “ಬರ್ಬೇಡ ಅಮ್ಮ! ಹತ್ರ ಬರ್ಬೇಡ!” ಆಮೇಲೆ ಕಾಲುಗಳ ಸದ್ದು, ಏದುಸಿರು. ಅವನು ಓಡುತ್ತಿದ್ದ. ಹೆತ್ತ ತಾಯಿ ತೋಳು ಚಾಚಿಕೊಂಡು ಬರುತ್ತಿದ್ದರೆ ಮಗ ತಿರುಗಿ ಓಡುತ್ತಿದ್ದ. ಬೀಗದಕ್ಕ ಅಲ್ಲಿ ಕೂತು ಅದನ್ನು ಕೇಳಬೇಕಾಯಿತು.

ಆಗ ಇನ್ನೊಂದು ದನಿ ಕೇಳಿತು. ಗಂಡಸಿನ ದನಿ, ಒಡೆದ ದನಿ. “ಏನಾದ್ರೂ ಆಗ್ಲಿ ಬಾರೋ! ನೀನು ಬಂದ್ರೆ ಸಾಕು, ಬಾರೋ ಮಗನೇ!” ದನಿ ಹಿಂದೆ ಹಿಂದೆ ಸರಿಯಿತು. ಹುಡುಗನ ಏದುಸಿರು ಅದನ್ನು ಮುಚ್ಚಿಹಾಕಿತು. ಫೋನು ಕಡಿದುಹೋಯಿತು.

ಮುಂದಿನದ್ದೆಲ್ಲ ಸಹಾಯ ಕೇಂದ್ರದವರ ಪಾಲಾಯಿತು. ಬೀಗದಕ್ಕ ವಾರ್ಡನ್ನಿನ ಬಾಗಿಲಲ್ಲಿ ದೂರ ನಿಂತು ಎಲ್ಲ ಒದರಿಬಿಟ್ಟಳು. ಕೇಂದ್ರದ ಮೇಡಂ ಒಂದು ಮಾತೂ ಬೈಯದೆ ಎಲ್ಲೆಲ್ಲಿಗೋ ಫೋನು ಮಾಡಿ ವ್ಯಾನು ಕಳಿಸಿದರು. ಊರಾಚೆ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಹುಡುಗನನ್ನು ಕರೆತಂದು ಮುಂದಿನ ಕಟ್ಟಡದಲ್ಲಿ ಒಂಟಿ ಕೋಣೆಗೆ ಹಾಕಿದರು. ಬೀಗದಕ್ಕನಿಗೆ ರೋಗ ಇರುವುದು ಖಾತ್ರಿಯಾಯಿತು. ಒಂದಷ್ಟು ದಿನ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡಿದಳು. ಎಲ್ಲರೂ ಯಾರಿಗಾಗಿ ಹೆದರಿಕೊಂಡಿದ್ದರೋ ಆ ಅತ್ತೆಗೆ ಬಂದದ್ದು ಒಂದಿಷ್ಟು ಸೀನು, ಅದೂ ಮಗನಿಗೆ ಬೈಯುತ್ತಲೇ ವಾಸಿಯಾಯಿತು. ಹುಡುಗನಿಗೆ ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. ಆ ದಿನ ರಸ್ತೆ ದಾಟಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ.

ಇದನ್ನು ಅವಳಿಗೆ ನರ್ಸು ಸಂತೋಷದ ಸುದ್ದಿಯೆಂದೇ ಹೇಳಿದಳು. ಬೀಗದಕ್ಕ ಗೋಡೆಯ ಕಡೆ ಹೊರಳಿ ಮಲಗಿದಳು.

ಅವಳು ಕೆಲಸಕ್ಕೆ ಮರಳಿದಾಗ ಗೊಂಚಲು ಬೇರೆಯವರ ಸೊಂಟದಲ್ಲಿತ್ತು. ಅವಳಿಗೆ ಬಟ್ಟೆ ಒಗೆಯುವ ಕೋಣೆ ಕೊಟ್ಟರು. ಅದಕ್ಕೆ ಅವಳು ಚಕಾರ ಎತ್ತಲಿಲ್ಲ. ಎಂದೂ ಇಲ್ಲದಂತೆ ಮೆತ್ತಗಾಗಿದ್ದ ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ಫೋನಿನಲ್ಲಿ ಕೇಳಿದ ಆ ಮಾತನ್ನು ಹುಡುಗನಿಗೆ ತಲುಪಿಸಬೇಕು. ಆ ಓಟದಲ್ಲಿ ಅವನ ಕಿವಿಗೆ ಅದು ಬಿದ್ದಿರಲಿಕ್ಕಿಲ್ಲ. ಆಸ್ಪತ್ರೆಯಲ್ಲಿ ಮಾತಾಡಲು ಉಸಿರಿಲ್ಲದಾಗಲೂ ಅವಳು ಅದನ್ನು ಮನಸ್ಸಿನಲ್ಲಿ ಹೇಳಿ ಹೇಳಿ ಗಟ್ಟಿ ಮಾಡಿಕೊಂಡಿದ್ದಳು, ಒಂದು ಶಬ್ದವೂ ತಪ್ಪಬಾರದೆಂದು.

ಹುಡುಗ ಅಂಗಳದ ಬೆಂಚಿನಲ್ಲಿ ಸಿಕ್ಕಿದ. ದಪ್ಪ ಕೋಟು ಹಾಕಿಕೊಂಡು ಸುಮ್ಮನೆ ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ, “ಹೇಗಿದ್ದೀರಾ ಅಕ್ಕ” ಎಂದ, ಮೊದಲಿನಷ್ಟೇ ಮರ್ಯಾದೆಯಿಂದ. ಅವನು ಸಿಟ್ಟು ಮಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ನನ್ನ ವಿಷಯ ಹಾಳಾಗ್ಲಿ. ಆವತ್ತು ನೀನು ಓಡ್ತಿದ್ದಾಗ ನಿಮ್ಮಪ್ಪ ಕೂಗಿದ್ರು ಕಣೋ. ಏನಾದ್ರೂ ಆಗ್ಲಿ ಬಾರೋ, ನೀನು ಬಂದ್ರೆ ಸಾಕು, ಬಾರೋ ಮಗನೇ ಅಂತ. ನಾನು ಫೋನಲ್ಲಿ ಕಿವಿಯಾರೆ ಕೇಳಿದೆ.”

ಹುಡುಗ ಅವಳನ್ನು ನೋಡಿದ. ಆ ನೋಟದಲ್ಲಿ ಕನಿಕರವಿತ್ತು. ಅದೇ ಅವಳನ್ನು ಇರಿದದ್ದು.

“ಆವತ್ತೂ ಹೀಗೇ ಹೇಳಿದ್ರಿ ಅಕ್ಕ. ಅಪ್ಪ ಆಫೀಸಿಗೆ ಫೋನ್ ಮಾಡಿದ್ರು, ಕಿವಿಯಾರೆ ಕೇಳಿದೆ ಅಂತ. ಅಪ್ಪ ಯಾರಿಗೂ ಮಾಡಿರ್ಲಿಲ್ಲ. ಬಸ್ಸಿನ ಹತ್ರಾನೂ ಅಮ್ಮನೇ ಎಳೆದುಕೊಂಡು ಬಂದಿದ್ದಂತೆ.”

“ಅದು ಸುಳ್ಳು, ಒಪ್ಕೋತೀನಿ. ಇದು ನಿಜ ಕಣೋ! ನನ್ನ ನಂಬಬೇಡ, ನಿಮ್ಮಮ್ಮನ್ನ ಕೇಳು!”

“ಕೇಳಿದೆ. ಅಮ್ಮನೂ ಇದನ್ನೇ ಹೇಳಿದ್ಲು.”

“ಮತ್ತೆ?”

“ಅಮ್ಮನೂ ನಿಮ್ಮ ಹಾಗೇ ಅಲ್ವಾ ಅಕ್ಕ. ನನ್ನ ಸಮಾಧಾನಕ್ಕೆ ಏನು ಬೇಕಾದ್ರೂ ಹೇಳ್ತಾಳೆ.”

“ಹಾಗಾದ್ರೆ ನಿಮ್ಮಪ್ಪನ್ನೇ ಕೇಳು. ಈಗಲೇ ಫೋನ್ ಮಾಡು, ನನ್ನೆದುರೇ ಮಾಡು.”

“ಮಾಡಿದೆ,” ಎಂದ ಹುಡುಗ. “ಎತ್ತಿದ್ರು. ನಾನೂ ಏನೂ ಅನ್ಲಿಲ್ಲ, ಅವರೂ ಏನೂ ಅನ್ಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು ಅಮ್ಮನ ಕೈಗೆ ಕೊಟ್ರು.”

ನಿಜ ಬೀಗದಕ್ಕನ ಕೈಯಲ್ಲೇ ಇತ್ತು, ಅದನ್ನು ತೆಗೆದುಕೊಳ್ಳುವವರಿರಲಿಲ್ಲ. ಹುಡುಗ ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆಯ ಬಕೆಟ್ಟನ್ನು ತಾನೇ ಎತ್ತಿಕೊಂಡು ಒಗೆಯುವ ಕೋಣೆಯ ತನಕ ತಂದಿಟ್ಟ. “ಚಳಿ ಇದೆ, ಹೊರಗೆ ನಿಲ್ಲಬೇಡಿ ಅಕ್ಕ, ಇನ್ನೂ ಹುಷಾರಾಗಿಲ್ಲ ನೀವು” ಎಂದು ಹೇಳಿ ತನ್ನ ಕೋಣೆಗೆ ಹೋದ.

ಅವನು ಆ ವರ್ಷವೂ ಮನೆಗೆ ಹೋಗಲಿಲ್ಲ, ಮುಂದಿನ ರಜೆಗೂ ಹೋಗಲಿಲ್ಲ. ರೋಗ ಇಳಿದು ಹಾಸ್ಟೆಲು ಮತ್ತೆ ಗದ್ದಲದಿಂದ ತುಂಬಿದ ಮೇಲೂ ರಜೆ ಬಂದಾಗ ಉಳಿಯುವವರಲ್ಲಿ ಅವನೇ ಮೊದಲಿಗ. ಬೀಗದಕ್ಕ ಅವನ ಹೊದಿಕೆಗಳನ್ನು ಉಳಿದವರಿಗಿಂತ ಮುಂಚೆ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಮಡಿಸಿ ಬಾಗಿಲ ಹೊರಗೆ ಇಟ್ಟು ಬರುತ್ತಿದ್ದಳು. ಬೈಯುತ್ತಿರಲಿಲ್ಲ.